‘ಬರತೇವಿ’ ಅಂದು ಬಿಟ್ಟ ಮನೆ

ನಾನು ಆಡಿದ ಒಂದೇ ಒಂದು ಮಾತನ್ನು ನಂಬಿ, ಕೀನ್ಯಾ ದೇಶದ ಒಂದು ಸರೋವರದ ದಂಡೆಯ ಊರಿನಲ್ಲಿ ಒಬ್ಬ ಮುದುಕಿ ತನ್ನ ಮನೆಯ ಮೇಲಿನ ಅಂತಸ್ತನ್ನು ಏಳು ತಿಂಗಳು ಖಾಲಿ ಇಟ್ಟಳು. ಕೇಳಿಕೊಂಡು ಬಂದ ಬಾಡಿಗೆದಾರರನ್ನೆಲ್ಲ ಗೇಟಿನಲ್ಲೇ ತಿರುಗಿಸಿ ಕಳಿಸಿದಳು. ನಾನು ಆಡಿದ ಮಾತು ಅಂಥ ದೊಡ್ಡದೇನಲ್ಲ. ನಮ್ಮ ಬೈಲಹೊಂಗಲದಲ್ಲಿ ಮುಂಜಾನೆಯಿಂದ ಸಂಜೆಯ ತನಕ ಯಾರ ಮನೆಯಿಂದ ಎದ್ದರೂ ಆಡುವ ಮಾತು. ಅದು ಅಷ್ಟು ದೂರ ಹೋಗಿ ಇಷ್ಟು ಕೆಲಸ ಕೆಡಿಸುತ್ತದೆ ಎಂದು ಗೊತ್ತಿದ್ದರೆ ಬಾಯಿಗೆ ಸೆರಗು ಒತ್ತಿಕೊಂಡು ಟ್ಯಾಕ್ಸಿ ಹತ್ತುತ್ತಿದ್ದೆ.

ಆ ಮಾತನ್ನು ನನಗೆ ಗಟ್ಟಿಯಾಗಿ ಕಲಿಸಿದವಳು ನನ್ನ ಅವ್ವ. ಹೂಲಿ ನನ್ನ ತವರು. ಮದುವೆಯಾದ ಎರಡನೆಯ ವರ್ಷ ತವರಿಗೆ ಹೋದಾಗ ಅವ್ವನ ಜೊತೆ ಜಗಳವಾಡಿದೆ. ಯಾವುದಕ್ಕೆ ಎಂದು ಈಗ ನೆನಪಿಲ್ಲ. ಸೀರೆಯದ್ದೋ, ಶೇಂಗಾ ಚೀಲದ್ದೋ ಇರಬೇಕು. ನಾನು ಮೊದಲಿನಿಂದಲೂ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡವಳು. ಚೀಲ ಎತ್ತಿಕೊಂಡು ‘ಹೋಗತೇನಿ’ ಅಂದೆ. ಬರೀ ‘ಹೋಗತೇನಿ’. ಅಷ್ಟು ಅಂದವಳೇ ಹೋಗಿ ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ಇನ್ನೇನು ಸೀಟಿ ಊದಬೇಕು, ಅವ್ವ ಓಡುತ್ತ ಬಂದಳು. ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದಳು, ಕೈತುಂಬ ಹಿಟ್ಟು. ಬಂದವಳೇ ನನ್ನ ಕಿಟಕಿಯ ಕಂಬಿ ಹಿಡಿದು ನಿಂತುಬಿಟ್ಟಳು.

“ಬರತೇನಿ ಅನ್ನು.”

“ಬಿಡವಾ, ಎಲ್ಲಾರೂ ನೋಡಾಕತ್ತಾರ.”

“ನೋಡ್ಲಿ. ಹೋಗಿ ಬರತೇನಿ ಅನ್ನು, ಆಮ್ಯಾಲ ಬಸ್ ಬಿಡತೇನಿ.”

ಡ್ರೈವರ್ ಹಿಂದಕ್ಕೆ ತಿರುಗಿ, “ಏ ತಂಗಿ, ಒಂದ್ಸಲ ಅಂದ್ಬಿಡವಾ. ನಾ ಸವದತ್ತಿ ಮುಟ್ಟಬೇಕು” ಅಂದ. ಬಸ್ಸಿನವರೆಲ್ಲ ನಕ್ಕರು. ನಾನು ಹಲ್ಲು ಕಚ್ಚಿಕೊಂಡು ‘ಹೋಗಿ ಬರತೇನಿ’ ಅಂದೆ. ಅವ್ವ ಕಂಬಿ ಬಿಟ್ಟಳು. ಕಂಬಿಯ ಮೇಲೆ ಅವಳ ಹಿಟ್ಟಿನ ಬೆರಳ ಗುರುತು ಸವದತ್ತಿ ಬರುವ ತನಕ ನನ್ನ ಪಕ್ಕದಲ್ಲೇ ಇತ್ತು.

ಆಮೇಲೆ ನಾನು ಎಂದೂ ಬರೀ ‘ಹೋಗತೇನಿ’ ಅಂದವಳಲ್ಲ. ಕಿರಾಣಿ ಅಂಗಡಿಯಿಂದ ಇಳಿದರೂ ಬರತೇನಿ, ಹಲ್ಲು ಕೀಳಿಸಿಕೊಂಡು ದವಾಖಾನೆಯಿಂದ ಎದ್ದರೂ ಬರತೇನಿ. ಸಾವಿನ ಮನೆಯೊಂದನ್ನು ಬಿಟ್ಟರೆ ಎಲ್ಲ ಕಡೆಗೂ ಬರತೇನಿ.

ನನ್ನ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಎಂ.ಕೆ. ಹುಬ್ಬಳ್ಳಿಯ ಕಡೆಗೆ ಕಬ್ಬಿನ ಗಾಡಿಗಳ ಹಿಂದೆ ಹಿಂದೆಯೇ ಅವರ ಅರ್ಧ ಆಯುಷ್ಯ ಕಳೆಯಿತು. ಕಬ್ಬಿನ ಹಾಲು ಕುದ್ದು ಕುದ್ದು ಹರಳುಗಟ್ಟುವ ದೊಡ್ಡ ಪಾತ್ರೆಗೆ ಅಲ್ಲಿ ಪ್ಯಾನು ಅನ್ನುತ್ತಾರೆ. ಒಂದಿಷ್ಟು ಪಾಕವನ್ನು ಗಾಜಿನ ಚೂರಿಗೆ ಬಳಿದು, ಬೆಳಕಿಗೆ ಹಿಡಿದು, ಹರಳು ಎಷ್ಟು ಕೂತಿದೆ ಎಂದು ಕಣ್ಣಿನಿಂದಲೇ ಹೇಳುವುದು ಅವರ ಕೆಲಸ. ಮಷಿನ್ನು ಎಷ್ಟು ಬಂದರೂ ಈ ಕಣ್ಣಿನವರಿಗೆ ಬೆಲೆ ಇದೆಯಂತೆ. ಮಗಳನ್ನು ರಾಮದುರ್ಗಕ್ಕೆ ಕೊಟ್ಟು ಕಳಿಸಿದ ಮರುವರ್ಷ ಕೀನ್ಯಾದ ಒಂದು ಕಾರ್ಖಾನೆಯಿಂದ ಅವರಿಗೆ ಕರೆ ಬಂತು. ಒಂದು ಹಂಗಾಮು ಇದ್ದು, ಅಲ್ಲಿಯವರಿಗೆ ಕೆಲಸ ಕಲಿಸಿ ಬರಬೇಕು. “ನಾ ಒಬ್ಬಾವ್ನ ಹೋಗಿ ಏನ್ ತಿನ್ಲಿ?” ಅಂದರು. ನನ್ನ ಮೇಲಿನ ಪ್ರೀತಿಗಿಂತ ರೊಟ್ಟಿಯ ಮೇಲಿನ ಪ್ರೀತಿಯೇ ಅದರಲ್ಲಿ ಹೆಚ್ಚು ಎಂದು ಗೊತ್ತಿದ್ದರೂ ಹೊರಟೆ. ಪೆಟ್ಟಿಗೆಯಲ್ಲಿ ಐದು ಕಿಲೋ ಜೋಳದ ಹಿಟ್ಟು, ಕಬ್ಬಿಣದ ಹಂಚು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಕ್ರೋಶಾ ಸೂಜಿ.

ಕಾರ್ಖಾನೆಯ ವಸತಿಯಲ್ಲಿ ಜಾಗ ಇರಲಿಲ್ಲ. ಅದಕ್ಕೇ ಊರೊಳಗೆ ಸಾಮಾನು ಸಮೇತದ ಒಂದು ಮನೆ ಹಿಡಿದುಕೊಟ್ಟರು. ಮೂರು ತಿಂಗಳಿಗೆ ಎಂದು ಹಿಡಿದದ್ದು, ಕೊನೆಗೆ ಎಂಟು ತಿಂಗಳಾಯಿತು. ಕೆಳಗೆ ಮಾಲಕಿ, ಮೇಲೆ ನಾವು. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಒಂದು ಗ್ಯಾಲರಿ. ಗ್ಯಾಲರಿಯಲ್ಲಿ ನಿಂತರೆ ಸರೋವರ. ಆಚೆ ದಂಡೆಯೇ ಕಾಣದಂಥ ನೀರು. ಅದನ್ನು ನೋಡಿ ನಾನು ಆಡಿದ ಮೊದಲ ಮಾತು, “ನಮ್ಮ ನವಿಲುತೀರ್ಥದ ಹಿನ್ನೀರು ಇದ್ದಂಗ ಐತಿ.” ನಮ್ಮ ಮನೆಯವರು ನಕ್ಕರು. “ಇದರಾಗ ಅಂಥಾವು ಸಾವಿರ ಹಿಡಸ್ತಾವು” ಅಂದರು. ಹಿಡಿಸಲಿ, ನನಗೇನು.

ಸಾಮಾನು ಸಮೇತದ ಮನೆ ಎಂದರೆ ಏನು ಎಂದು ಅಲ್ಲಿಗೆ ಹೋಗುವ ತನಕ ನನಗೆ ತಿಳಿದಿರಲಿಲ್ಲ. ಬೈಲಹೊಂಗಲದಲ್ಲಿ ಬಾಡಿಗೆ ಮನೆ ಎಂದರೆ ನಾಲ್ಕು ಗೋಡೆ. ಒಂದು ಹಗ್ಗ ಬೇಕಾದರೂ ನಾವೇ ಕಟ್ಟಿಕೊಳ್ಳಬೇಕು. ಇಲ್ಲಿ ಎಲ್ಲವೂ ಮೊದಲೇ ಇತ್ತು. ಬೇರೆಯವರ ತಲೆ ಇಟ್ಟಿದ್ದ ದಿಂಬು, ಬೇರೆಯವರು ಕುಡಿದ ಕಪ್ಪು, ಬೇರೆಯವರು ಆರಿಸಿದ ಪರದೆಯ ಬಣ್ಣ. ಉಪ್ಪಿನ ಡಬ್ಬಿಯಲ್ಲಿ ಯಾರೋ ಬಿಟ್ಟುಹೋದ ಉಪ್ಪು ಕೂಡ ಇತ್ತು. ಸೋಫಾದ ಮೇಲೆ, ಟೀಪಾಯಿಯ ಮೇಲೆ, ಟಿವಿಯ ಮೇಲೆ, ಕೊನೆಗೆ ನೀರಿನ ಹೂಜಿಯ ಮೇಲೂ ಬಿಳಿ ನೂಲಿನ ಜಾಳಿಗೆ ಬಟ್ಟೆಗಳು. ಮೊದಲ ದಿನ ಮಾಲಕಿ ಮೇಲೆ ಬಂದು ನಾಲ್ಕು ಹಾಳೆಯ ಒಂದು ಪಟ್ಟಿ ಹಿಡಿದು ಒಂದೊಂದೇ ಸಾಮಾನು ತೋರಿಸಿದಳು. ಚಮಚ ಆರು. ಕುರ್ಚಿ ನಾಲ್ಕು, ಒಂದರ ಕಾಲು ಅಲುಗಾಡುತ್ತದೆ. ಉಪ್ಪಿನ ಡಬ್ಬಿ ಒಂದು, ಮುಚ್ಚಳ ಸೀಳಿದೆ. ನಮ್ಮ ಮನೆಯವರು ಪ್ರತಿ ಹಾಳೆಗೂ ಸಹಿ ಹಾಕಿದರು. ಮಾಲಕಿ ಎಪ್ಪತ್ತು ದಾಟಿದ ಎತ್ತರದ ಹೆಂಗಸು, ಕೈಯಲ್ಲಿ ಕೋಲು, ಮೂಗಿನ ತುದಿಯಲ್ಲಿ ಕನ್ನಡಕ. ಮೊದಲು ನರ್ಸ್ ಆಗಿದ್ದಳಂತೆ. ಇಂಗ್ಲಿಷು ಚೆನ್ನಾಗಿ ಬರುತ್ತಿತ್ತು. ನನ್ನ ಇಂಗ್ಲಿಷು ಔಷಧದ ಚೀಟಿ ಓದುವಷ್ಟು.

ಅವಳು ಕೆಳಗಿಳಿದ ಮೇಲೆ ನಾನು ಸೋಫಾದ ಮೇಲೆ ಕೂರಲೇ ಇಲ್ಲ, ಚಾಪೆ ಹಾಸಿಕೊಂಡು ನೆಲದ ಮೇಲೆ ಕೂತೆ. “ಇದೇನ್ ಮನಿಯೇನ್ರೀ? ಮ್ಯೂಜಿಯಂದಾಗ ಉಪ್ಪಿಟ್ಟ ಮಾಡಿ ತಿಂದಂಗ ಆಗತೈತಿ” ಅಂದೆ. “ಒಂದ್ ತಿಂಗಳ ನೋಡತೇನಿ. ಹೊಂದ್ಲಿಲ್ಲಂದ್ರ ನನ್ನ ಊರಿಗೆ ಕಳಿಸಿಬಿಡ್ರಿ.” ಪೆಟ್ಟಿಗೆಯಿಂದ ಬೇಕಾದಷ್ಟೇ ಬಟ್ಟೆ ತೆಗೆದು ಮತ್ತೆ ಬೀಗ ಹಾಕುತ್ತಿದ್ದೆ.

ಮರುದಿನ ಮುಂಜಾನೆ ಎಸರಿಟ್ಟು ಹಿಟ್ಟು ನಾದಿ, ಅಡುಗೆಮನೆಯ ಕಟ್ಟೆಯ ಮೇಲೆ ರೊಟ್ಟಿ ಬಡಿದೆ. ನಮ್ಮ ಕಡೆ ಮುಂಜಾನೆ ಓಣಿಯಲ್ಲಿ ನಡೆದರೆ ಮನೆ ಮನೆಯಿಂದ ಕೇಳುವ ಸಪ್ಪಳ ಅದು. ಪಟ ಪಟ ಪಟ, ಸ್ವಲ್ಪ ಹೊತ್ತು ಸುಮ್ಮನೆ, ಮತ್ತೆ ಪಟ ಪಟ. ಅದನ್ನು ಸಪ್ಪಳ ಎಂದು ನಾನು ಎಣಿಸಿದವಳೇ ಅಲ್ಲ. ಮೂರನೆಯ ದಿನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮಾಲಕಿ. ಒಳಗೆ ಬಂದವಳು ನಮ್ಮ ಮನೆಯವರನ್ನು ಕೆಕ್ಕರಿಸಿ ನೋಡಿದಳು. ಅವರು ಬನಿಯನ್ನಿನಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಆಮೇಲೆ ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ, ನನ್ನ ರವಿಕೆಯ ತೋಳು ಮೇಲೆ ಸರಿಸಿ, ರಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ ‘ಪೋಲೆ, ಪೋಲೆ’ ಅಂದಳು.

ನಾನು ಅಲ್ಲಿಂದಲೇ ಕೂಗಿದೆ, “ಏನ್ರೀ, ಈಕಿ ನಿಮಗ ಪೋಲಿ ಅನ್ನಾಕತ್ತಾಳ್ರಿ! ಏನ್ ಮಾಡೀರಿ?”

ಅವರು ಕಪ್ಪು ಇಟ್ಟು ಓಡಿ ಬಂದರು. ಇಂಗ್ಲಿಷಿನಲ್ಲಿ ಒಂದೆರಡು ಮಾತು ಆಯಿತು. ಅವರ ಮುಖ ಮೊದಲು ಕೆಂಪಗಾಯಿತು, ಆಮೇಲೆ ಕಪ್ಪಗಾಯಿತು. ದಿನಾ ಮುಂಜಾನೆ ಈ ಮನುಷ್ಯ ಹೆಂಡತಿಯನ್ನು ಹೊಡೆಯುತ್ತಾನೆ ಎಂದು ಅವಳು ತಿಳಿದಿದ್ದಳು. ‘ಪೋಲೆ’ ಎಂದರೆ ಅವರ ಭಾಷೆಯಲ್ಲಿ ‘ಅಯ್ಯೋ ಪಾಪ’ ಎಂದಂತೆ. ನನಗೆ ನಗು ತಡೆಯಲಿಲ್ಲ. ನಮ್ಮ ಮನೆಯವರು ಮಾತ್ರ, “ಮಗಳನ ಮದವಿ ಮಾಡಿ ಕೊಟ್ಟೇವಿ, ಇಲ್ಲೀತನಾ ನಿನ್ನ ಮ್ಯಾಲ ಒಂದ್ ಬೆರಳ ಎತ್ತಿಲ್ಲ. ಇಲ್ಲಿ ಬಂದು ಈ ಹೆಸರು ಬೇಕಾಗಿತ್ತೇನು ನನಗ” ಎಂದು ಒದ್ದಾಡಿದರು. ನಾನು ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಅವಳ ಕಣ್ಣೆದುರೇ ಒಂದು ರೊಟ್ಟಿ ಬಡಿದು, ಹಂಚಿಗೆ ಹಾಕಿ, ನೀರು ಸವರಿ, ಉಬ್ಬಿಸಿ ಕೊಟ್ಟೆ. ಅವಳು ಚಟ್ನಿ ಹಚ್ಚಿಕೊಂಡು ಒಂದು ತುತ್ತು ಬಾಯಿಗಿಟ್ಟು, ಆಮೇಲೆ ಕೋಲು ಬದಿಗಿಟ್ಟು ಪೂರ್ತಿ ತಿಂದಳು. ಹೋಗುವಾಗ ನಮ್ಮ ಮನೆಯವರ ಹೆಗಲು ತಟ್ಟಿ ಕ್ಷಮೆ ಕೇಳಿದಳು. ಅಂದಿನಿಂದ ನಾನು ಅವಳಿಗೆ ಆಯಿ ಅಂದೆ. ನಮ್ಮಲ್ಲಿ ಅಜ್ಜಿಗೆ ಹಾಗೇ ಅನ್ನುವುದು. ಅದರ ಅರ್ಥ ಅವಳು ಕೇಳಲಿಲ್ಲ, ಕರೆದರೆ ಓಗೊಡುತ್ತಿದ್ದಳು.

ತಂದ ಹಿಟ್ಟು ಎಷ್ಟು ದಿನ ಬಂದೀತು. ಮುಗಿದಾಗ ಆಯಿಯೇ ನನ್ನನ್ನು ಸಂತೆಗೆ ಕರೆದುಕೊಂಡು ಹೋದಳು. ಅಲ್ಲಿ ಜೋಳಕ್ಕೆ ‘ಮ್ತಾಮ’ ಅನ್ನುತ್ತಾರೆ. ನಮ್ಮ ಬಿಳಿಜೋಳದಂಥದ್ದಲ್ಲ, ಕೆಂಪು ಕೆಂಪು ಕಾಳು. ರೊಟ್ಟಿ ಬಡಿದರೆ ಅಂಚು ಸೀಳುತ್ತಿತ್ತು, ಬಣ್ಣ ಇಟ್ಟಂಗಿಯ ಹಾಗೆ. ಆದರೂ ಜೋಳ ಜೋಳವೇ. ಆಯಿ ಗೋವಿನಜೋಳದ ಹಿಟ್ಟಿನಿಂದ ನಮ್ಮ ಸಂಗಟಿಯಂಥದ್ದೇ ಒಂದು ಮುದ್ದೆ ಮಾಡುತ್ತಿದ್ದಳು, ಜೊತೆಗೆ ಸೊಪ್ಪಿನ ಪಲ್ಯ. ನಾವಿಬ್ಬರೂ ಅದನ್ನು ಅವಳ ಅಡುಗೆಮನೆಯಲ್ಲಿ ಕೈಯಿಂದಲೇ ತಿನ್ನುತ್ತಿದ್ದೆವು. ಮೀನು ಹುರಿಯುವ ದಿನ ನಾನು ಕಿಟಕಿ ಹಾಕಿಕೊಳ್ಳುವುದನ್ನು ಅವಳು ನೋಡಿರಬೇಕು. ನಾನು ಏನೂ ಹೇಳಿರಲಿಲ್ಲ, ಆದರೂ ಒಲೆಯನ್ನು ಹಿತ್ತಲಿಗೆ ಒಯ್ದು ಅಲ್ಲಿ ಹುರಿಯತೊಡಗಿದಳು.

ಮನೆಯ ತುಂಬ ಇದ್ದ ಜಾಳಿಗೆ ಬಟ್ಟೆಗಳೆಲ್ಲ ಅವಳೇ ಕ್ರೋಶಾದಲ್ಲಿ ಹೆಣೆದವು. ನನಗೂ ಆ ಹೆಣಿಗೆ ಬರುತ್ತದೆ ಎಂದು ತಿಳಿದಾಗ ಅವಳ ಕನ್ನಡಕದ ಹಿಂದೆ ಕಣ್ಣು ದೊಡ್ಡವಾದವು. ಮಧ್ಯಾಹ್ನ ಎರಡು ಕುರ್ಚಿ ಗ್ಯಾಲರಿಗೆ ಎಳೆದುಕೊಂಡು ಕೂರುತ್ತಿದ್ದೆವು. ಸರೋವರದ ಮೇಲೆ ಅಂತರಗಂಗೆ ಕಳೆಯ ಹಸಿರು ಹಾಸು ಗಾಳಿ ಬೀಸಿದ ಕಡೆಗೆ ಸರಿಯುತ್ತಿತ್ತು. ಅವಳ ಹೆಣಿಗೆಯಲ್ಲಿ ವೃತ್ತ ಮೊದಲು ಬರುತ್ತದೆ, ನಮ್ಮದರಲ್ಲಿ ಪಟ್ಟಿ. ಅವಳು ನನ್ನ ಎಳೆ ಬಿಚ್ಚಿಸುತ್ತಿದ್ದಳು, ನಾನು ಅವಳದನ್ನು. ಬೈದಾಡಿಕೊಳ್ಳಲು ಸೂಜಿಯ ತುದಿಯೇ ಸಾಕಾಗಿತ್ತು. ಅವಳಿಂದ ನಾನು ಅಲ್ಲಿಯ ಭಾಷೆಯ ನೂರೈವತ್ತು ಶಬ್ದ ಕಲಿತೆ. ಅವಳು ನನ್ನಿಂದ ‘ಕುಂದರ್ರಿ’, ‘ಚಾ ಕುಡೀರಿ’, ‘ಸಾಕು’ ಕಲಿತಳು. ‘ಸಾಕು’ ಮಾತ್ರ ಎಂದೂ ಸಮಯಕ್ಕೆ ಸರಿಯಾಗಿ ಅನ್ನಲಿಲ್ಲ.

ನಾನು ಒಂದು ತಿಂಗಳಿನ ಗಡುವು ಕೊಟ್ಟಿದ್ದೆನಲ್ಲ, ಅದು ಯಾವಾಗ ದಾಟಿತು ಎಂದು ನನಗೂ ನಮ್ಮ ಮನೆಯವರಿಗೂ ನೆನಪಾಗಲಿಲ್ಲ. ಪೆಟ್ಟಿಗೆಯ ಬಟ್ಟೆ ಎಲ್ಲ ಕಪಾಟು ಸೇರಿತ್ತು. ಒಂದು ದಿನ ಜ್ವರ ಬಂದು ನಾನು ಏಳಲಿಲ್ಲ. ಏಳು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಆಯಿ ಗಂಜಿ ಹಿಡಿದು ನಿಂತಿದ್ದಳು. ಇವತ್ತು ನಿನ್ನ ಗಂಡ ಹೊಡೆಯಲಿಲ್ಲವಲ್ಲ, ಅದಕ್ಕೆ ಗಾಬರಿಯಾಯಿತು ಅಂದಳು. ಮಂಚದ ಅಂಚಿಗೆ ಕೂತು ಹಣೆ ಮುಟ್ಟಿ ನೋಡಿದಳು. ನರ್ಸಿನ ಕೈ, ತಣ್ಣಗಿತ್ತು. ಅವ್ವ ತೀರಿಕೊಂಡ ಮೇಲೆ ನನ್ನ ಹಣೆಯನ್ನು ಹಾಗೆ ಯಾರೂ ಮುಟ್ಟಿರಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿ ಅತ್ತೆ. ಜ್ವರದ್ದು ಎಂದುಕೊಂಡಳು.

ಆ ಮನೆಯಲ್ಲಿ ನಮ್ಮದು ಎನ್ನುವಂಥದ್ದು ಒಂದೇ ಒಂದು ಬೆಳೆಯಿತು. ಗ್ಯಾಲರಿಯಲ್ಲಿ ಕೂತು ಕೂತು ನಾನು ಬಾಗಿಲಿಗೆ ಒಂದು ತೋರಣ ಹೆಣೆದೆ. ಕೆಂಪು, ಹಳದಿ, ಹಸಿರು ನೂಲು. ನಡುವೆ ಗಿಳಿ, ಕೆಳಗೆ ಗೊಂಡೆ. ಒಂದು ತುದಿಯ ಎರಡು ವೃತ್ತ ಆಯಿ ಹಾಕಿದ್ದು. ಅವು ಸ್ವಲ್ಪ ದೊಡ್ಡವಾಗಿ ತೋರಣ ಒಂದು ಕಡೆ ಜೋಲುತ್ತಿತ್ತು. ಹಾಗೇ ಕಟ್ಟಿದೆವು.

ಹಂಗಾಮು ಮುಗಿಯಿತು. ಹೊರಡುವ ದಿನ ಆಯಿ ಪಟ್ಟಿ ಹಿಡಿದು ಮೇಲೆ ಬಂದಳು. ಚಮಚ ಆರು, ಕುರ್ಚಿ ನಾಲ್ಕು, ಉಪ್ಪಿನ ಡಬ್ಬಿ ಒಂದು. ಎಲ್ಲ ಸರಿಯಾಗಿತ್ತು. ನಾನು ಕುರ್ಚಿ ಹತ್ತಿ ತೋರಣ ಬಿಚ್ಚಲು ಕೈ ಹಾಕಿದೆ. ಅವಳು ಕೋಲಿನಿಂದ ನನ್ನ ಕಾಲು ತಟ್ಟಿ ಇಳಿಸಿದಳು. ಪಟ್ಟಿಯ ಕೊನೆಯ ಹಾಳೆಯಲ್ಲಿ ಪೆನ್ನಿನಿಂದ ಒಂದು ಸಾಲು ಬರೆದು ನಮ್ಮ ಮನೆಯವರಿಗೆ ತೋರಿಸಿದಳು. ಅವರು ಓದಿ ಹೇಳಿದರು: ‘ಬಾಗಿಲ ತೋರಣ ಒಂದು. ಬಾಡಿಗೆಯವರದು.’ ನನಗೆ ಅದು ಪ್ರೀತಿಯ ಮಾತು ಎಂದಷ್ಟೇ ಅನಿಸಿತು. ಅದರಲ್ಲಿ ಬೇರೆ ಅರ್ಥವೂ ಇದ್ದೀತು ಎಂದು ಹೊಳೆಯಲಿಲ್ಲ.

ಟ್ಯಾಕ್ಸಿ ಗೇಟಿಗೆ ಬಂತು. ಅವಳ ಭಾಷೆಯಲ್ಲಿ ಬೀಳ್ಕೊಡುವ ಶಬ್ದ ನನಗೆ ಗೊತ್ತಿತ್ತು. ಆದರೆ ಹೋಗುವಾಗ ಅದು ಬಾಯಿಗೆ ಬರಲಿಲ್ಲ, ಹೂಲಿಯ ಬಸ್ಸಿನ ಮಾತೇ ಬಂತು. ಅದನ್ನು ನಾನೇ ಅವಳ ಭಾಷೆಗೆ ತಿರುಗಿಸಿದೆ. ‘ತುತಾರುದಿ’ ಅಂದೆ. ಎಂದರೆ, ತಿರುಗಿ ಬರತೇವಿ.

ಆಯಿ ನನ್ನ ಕೈ ಬಿಡದೆ ‘ಲಿನಿ?’ ಎಂದು ಕೇಳಿದಳು. ಎಂದರೆ, ಯಾವಾಗ?

ನಮ್ಮಲ್ಲಿ ಹೀಗೆ ಯಾರೂ ಕೇಳುವುದಿಲ್ಲ. ಬರತೇನಿ ಎಂದವರಿಗೆ ‘ಹೂಂ, ಬರ್ರಿ’ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. “ಸೂನ್, ಸೂನ್” ಅಂದು ಟ್ಯಾಕ್ಸಿ ಹತ್ತಿದೆ. ಅವಳು ಸಮಾಧಾನದಿಂದ ತಲೆಯಾಡಿಸಿದಳು.

ಬೈಲಹೊಂಗಲಕ್ಕೆ ಬಂದೆವು. ನಮ್ಮ ಮನೆ, ನಮ್ಮ ದಿಂಬು, ನಮ್ಮ ಉಪ್ಪು. ಹತ್ತು ದಿನ ಹಿಗ್ಗಿದೆ. ಆಮೇಲೆ ಮಧ್ಯಾಹ್ನವಾದರೆ ಕೈ ಸೂಜಿ ಹುಡುಕುತ್ತಿತ್ತು. ಕುರ್ಚಿ ಎಳೆದುಕೊಂಡು ಹೊರಗೆ ಕೂತರೆ ಕಾಣುವುದು ಎದುರಿನವರ ನೀರಿನ ಟಾಕಿ. ಆಯಿಗೆ ಎರಡು ಮೂರು ಸಲ ಫೋನು ಮಾಡಿದೆ. ಚೆನ್ನಾಗಿದ್ದೀರಾ, ಚೆನ್ನಾಗಿದ್ದೇವೆ. ಅದರ ಮುಂದೆ ನನ್ನ ನೂರೈವತ್ತು ಶಬ್ದ ಫೋನಿನಲ್ಲಿ ನಡೆಯಲಿಲ್ಲ. ಕೊನೆಗೆ ಅವಳು ಒಂದು ವಾಕ್ಯ ಹೇಳುತ್ತಿದ್ದಳು, ಅದರಲ್ಲಿ ‘ಮನೆ’ ಎನ್ನುವ ಶಬ್ದ ಇರುತ್ತಿತ್ತು. ನಾನು ಅರ್ಥವಾಗದೆ “ಹೌದು, ಹೌದು” ಅನ್ನುತ್ತಿದ್ದೆ.

ಅದರ ಅರ್ಥ ತಿಳಿದದ್ದು ಏಳು ತಿಂಗಳ ಮೇಲೆ. ಅದೇ ಕಾರ್ಖಾನೆಯಲ್ಲಿ ಸವದತ್ತಿ ಕಡೆಯ ಒಬ್ಬ ಫಿಟ್ಟರ್ ಇದ್ದ, ನಮ್ಮ ಮನೆಯವರಿಗೆ ಬಲು ಬೇಕಾದವ. ಅವನಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಮನೆ ಬೇಕಾಗಿತ್ತು. ನಾವೇ ಆಯಿಯ ಮನೆ ನೋಡು ಎಂದು ಹೇಳಿದ್ದೆವು. ಒಂದು ದಿನ ಫೋನು ಮಾಡಿದ.

“ಅಕ್ಕಾರ, ಆಯಿ ಮನಿ ಕೊಡಾಂಗಿಲ್ಲಂತ್ರಿ.”

“ಯಾಕಪಾ? ಖಾಲಿ ಇಲ್ಲೇನು?”

“ಖಾಲಿ ಐತ್ರಿ. ನೀವು ಹೋದಾಗಿಂದ ಖಾಲಿನ ಐತಿ. ಅದು ಅವರ ಮನಿ, ತಿರುಗಿ ಬರತೇವಿ ಅಂತ ಹೇಳಿ ಹೋಗ್ಯಾರ, ತೋರಣಾ ಸೈತ ಬಿಟ್ಟ ಹೋಗ್ಯಾರ ಅಂತಾಳ್ರಿ. ಯಾರ್ ಬಂದ್ರೂ ಕೊಟ್ಟಿಲ್ಲಂತ. ನೀವು ಯಾವಾಗ ಬರಾವ್ರಿ ಅಕ್ಕಾರ?”

ಆ ಬಾಡಿಗೆಯೇ ಅವಳ ಜೀವನ ಎಂದು ನನಗೆ ಗೊತ್ತಿತ್ತು. ನರ್ಸ್ ಆಗಿದ್ದವಳು, ಮೈತುಂಬ ಸ್ವಾಭಿಮಾನ, ಯಾರ ಹತ್ತಿರವೂ ಬಾಯಿ ಬಿಡುವವಳಲ್ಲ. ನಮ್ಮ ಮನೆಯವರು, “ನಾ ಇಂಗ್ಲಿಷಿನ್ಯಾಗ ತಿಳಿಸಿ ಹೇಳಿಬಿಡತೇನಿ ಬಿಡು, ಅದೇನ್ ದೊಡ್ಡ ಮಾತು” ಅಂದರು. ನನಗೆ ರೇಗಿತು. “ಬಾಯಿ ನಂದು, ಮಾತ ನಂದು. ನಾನ ಹೇಳತೇನಿ” ಅಂದೆ. ಅಂದೆ, ಆದರೆ ಎಂಟು ದಿನ ಹೇಳಲಿಲ್ಲ. ಫೋನು ಕೈಗೆತ್ತಿಕೊಳ್ಳುವುದು, ಇಡುವುದು. ‘ನಾವು ಬರುವುದಿಲ್ಲ’ ಎನ್ನುವ ಅವಳ ಭಾಷೆಯ ಎರಡು ಮೂರು ಶಬ್ದಗಳನ್ನು ಹಾಲಿನ ಕಾರ್ಡಿನ ಹಿಂದೆ ಬರೆದಿಟ್ಟುಕೊಂಡು ಅಡುಗೆಮನೆಯಲ್ಲಿ ಬಾಯಿಪಾಠ ಮಾಡಿದೆ. ಹೇಳದೆ ಇದ್ದಷ್ಟು ದಿನ ಆ ಮನೆ ನನ್ನದೇ ಆಗಿರುತ್ತಿತ್ತು. ಆ ಆಸೆಯೂ ಒಳಗೆಲ್ಲೋ ಇತ್ತು, ಸುಳ್ಳು ಯಾಕೆ ಹೇಳಲಿ.

ಭಾನುವಾರ ಫಿಟ್ಟರ್ ಆಯಿಯ ಮನೆಗೆ ಹೋಗಿ ವಿಡಿಯೋ ಕಾಲ್ ಹಚ್ಚಿಕೊಟ್ಟ. ಆಯಿ ಸೊರಗಿದ್ದಳು. ನನ್ನನ್ನು ನೋಡಿದ ಕೂಡಲೇ “ಕುಂದರ್ರಿ, ಚಾ ಕುಡೀರಿ” ಅಂದಳು. ನಾನು ಬಾಯಿ ತೆರೆಯುವ ಮೊದಲೇ ಫೋನು ಹಿಡಿದು ಮೆಟ್ಟಿಲು ಹತ್ತತೊಡಗಿದಳು. ಅವಳ ಉಸಿರು ಕೇಳುತ್ತಿತ್ತು, ಕೋಲಿನ ಸದ್ದು ಕೇಳುತ್ತಿತ್ತು. ಬಾಗಿಲು ತೆರೆದು ತೋರಿಸಿದಳು. ಅದೇ ಸೋಫಾ, ಅದೇ ಜಾಳಿಗೆ ಬಟ್ಟೆ, ಒಗೆದು ಬಿಳಿ ಬಿಳಿ. ರೊಟ್ಟಿ ಬಡಿಯುತ್ತಿದ್ದ ಕಟ್ಟೆ ಒರೆಸಿ ಇಟ್ಟಿದ್ದಳು. ಉಪ್ಪಿನ ಡಬ್ಬಿಗೆ ಹೊಸ ಮುಚ್ಚಳ. ಬಾಗಿಲ ಮೇಲೆ ಒಂದು ಕಡೆ ಜೋಲುವ ತೋರಣ.

ನಾನು ಕಾರ್ಡು ನೋಡಿ ಓದಿದೆ. ಆಮೇಲೆ ನಮ್ಮ ಮನೆಯವರು ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದರು. ನಮ್ಮ ಕಡೆ ಹೋಗುವಾಗ ‘ಹೋಗತೇವಿ’ ಅನ್ನಬಾರದು, ಅದು ಅಪಶಕುನ. ಅದಕ್ಕೇ ‘ಹೋಗಿ ಬರತೇವಿ’ ಎನ್ನುತ್ತೇವೆ, ಅದು ರೂಢಿಯ ಮಾತು ಎಂದರು. ಆಯಿ ಸೋಫಾದ ತುದಿಗೆ ಕೂತು ಎಲ್ಲ ಕೇಳಿದಳು. ಸಿಟ್ಟು ಮಾಡಲಿಲ್ಲ. ಒಂದು ಪ್ರಶ್ನೆ ಕೇಳಿದಳು. ನಮ್ಮ ಮನೆಯವರು ಅದನ್ನು ಕನ್ನಡದಲ್ಲಿ ಹೇಳಲು ತಡವರಿಸಿದರು.

“ಏನಂತಾಳ್ರೀ?”

“ಹಂಗಾರ ನಿಮ್ಮ ಕಡೆ ಖರೇನ ತಿರುಗಿ ಬರಾವ್ರು ಏನಂತ ಹೇಳಿ ಹೋಗತಾರ ಅಂತ ಕೇಳಾಕತ್ತಾಳ.”

“ಅದೇ ಮಾತ ಅಂತಾರ” ಅಂದೆ ನಾನು. ಬೇರೆ ಮಾತು ನಮ್ಮಲ್ಲಿ ಇಲ್ಲ.

“ಹಾಗಾದರೆ ಹಿಂದೆ ಉಳಿದವರಿಗೆ ಹೇಗೆ ತಿಳಿಯುತ್ತದೆ? ನಾನು ಯಾವಾಗ ಎಂದು ಕೇಳಿದ್ದೆನಲ್ಲ” ಅಂದಳು ಆಯಿ.

ಕ್ಷಮಿಸು ಎಂದು ಅವಳ ಭಾಷೆಯಲ್ಲಿ ಅಂದೆ, ನನ್ನ ಭಾಷೆಯಲ್ಲಿಯೂ ಅಂದೆ. ಅವಳು ‘ಪೋಲೆ’ ಅಂದಳು. ಈ ಸಲ ಯಾರಿಗೆ ಅಂದಳೋ ಗೊತ್ತಾಗಲಿಲ್ಲ. ಆಮೇಲೆ ಆ ಪಟ್ಟಿ ತಂದು, ಕೊನೆಯ ಹಾಳೆ ತೆಗೆದು, ‘ಬಾಡಿಗೆಯವರದು’ ಎನ್ನುವುದನ್ನು ಹೊಡೆದುಹಾಕಲೇ ಎಂದು ಕೇಳಿದಳು. ಹೂಂ ಅಂದೆ. ಪೆನ್ನು ಕಾಗದದ ಮೇಲೆ ಆಡಿದ ಸದ್ದು ಫೋನಿನಲ್ಲಿ ಕೇಳಿಸಿತು. ಮರುತಿಂಗಳು ಫಿಟ್ಟರನ ಸಂಸಾರ ಆ ಮನೆಗೆ ಹೋಯಿತು. ಅವನ ಹೆಂಡತಿಯೂ ಮುಂಜಾನೆ ರೊಟ್ಟಿ ಬಡಿಯುತ್ತಾಳಂತೆ. ಆಯಿ ಈಗ ಮೇಲೆ ಹೋಗಿ ಯಾರನ್ನೂ ಕೆಕ್ಕರಿಸುವುದಿಲ್ಲವಂತೆ. ಕೇಳಿ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು.

ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬೈಲಹೊಂಗಲದಿಂದ ಹೂಲಿ ಎಷ್ಟು ದೂರ? ಬೆಳಿಗ್ಗೆ ಹೋದರೆ ಸಂಜೆಗೆ ಮನೆ. ಪ್ರತಿ ಸಲ ಬರತೇನಿ ಎಂದು ಹೇಳಿ ಬಂದೆ, ಆರಾರು ತಿಂಗಳು ಹೋಗದೆ ಇದ್ದೆ. ಕೊನೆಯ ಸಲವೂ ಹಾಗೇ ಹೇಳಿ ಬಂದಿದ್ದೆ, ಆಮೇಲೆ ಹೋದದ್ದು ಅವ್ವನ ಮಣ್ಣಿಗೆ. ಬಸ್ಸು ನಿಲ್ಲಿಸಿ ಬರತೇನಿ ಅನ್ನಿಸಿಕೊಂಡ ಅವ್ವ ಯಾವಾಗ ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ನನ್ನಂಥ ಸಿಟ್ಟಿನವಳೂ ಒಂದು ದಿನ ಹೇಳಲೇಬೇಕಾಗುತ್ತಿತ್ತು, ಹೇಳಿದ ಮೇಲೆ ಹೋಗಲೇಬೇಕಾಗುತ್ತಿತ್ತು.

ಈ ಸಲ ದೀಪಾವಳಿಗೆ ಮಗಳು ಬಂದಿದ್ದಳು. ಮೂರು ದಿನ ಇದ್ದು ಹೊರಟಳು. ಬಸ್ ಸ್ಟ್ಯಾಂಡಿನಲ್ಲಿ ರಾಮದುರ್ಗದ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕ ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡು, ಫೋನು ನೋಡುತ್ತಲೇ ಅಂದಳು, “ಹೋಗಿ ಬರತೇನಿ ಯವ್ವಾ.”

“ಯಾವಾಗ?” ಅಂದೆ.

ಅವಳು ತಲೆ ಎತ್ತಿದಳು. “ಯಾವಾಗ ಅಂದ್ರ?”

“ಬರತೇನಿ ಅಂದೆಲ್ಲಾ. ಯಾವಾಗ ಬರತಿ?”

“ಇದೇನವಾ ಹೊಸಾದು? ಬರತೇನಿ, ನೋಡೂಣಂತ.”

ಕಂಡಕ್ಟರ್ ಸೀಟಿ ಊದಿದ. ಬಸ್ಸು ಒಮ್ಮೆ ಜಗ್ಗಿ ನಿಂತಿತು. ನೋಡಿದರೆ ನಾನು ಕಿಟಕಿಯ ಕಂಬಿ ಹಿಡಿದು ನಿಂತಿದ್ದೆ. ಜನ ನೋಡುತ್ತಿದ್ದರು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

“ಬಿಡವಾ, ಎಲ್ಲಾರೂ ನೋಡಾಕತ್ತಾರ” ಅಂದಳು ಮಗಳು.

“ನೋಡ್ಲಿ.”

ಅವಳು ನನ್ನ ಮುಖವನ್ನು ದಿಟ್ಟಿಸಿ ನೋಡಿದಳು. ಫೋನು ಚೀಲದೊಳಗೆ ಹಾಕಿದಳು. ಬೆರಳು ಮಡಿಚಿ ಏನೋ ಲೆಕ್ಕ ಹಾಕಿ, “ಎಳ್ಳ ಅಮಾಸಿಗೆ” ಅಂದಳು. “ಎಳ್ಳ ಅಮಾಸಿ ಹಿಂದಿನ ದಿನಾ, ಮುಂಜಾನಿ ಬಸ್ಸಿಗೆ ಬರತೇನಿ.”

ಕಂಬಿ ಬಿಟ್ಟೆ.